ಹದಿನಾಲ್ಕನೇ ಮಂಚದ ಬ್ರೆಡ್ಡು

ಆದೋನಿಯಲ್ಲಿ ಉಪವಾಸಕ್ಕೆ ಹೆಸರಾದವರು ಬಹಳ ಮಂದಿ ಇದ್ದಾರೆ. ಬ್ರೆಡ್ಡು ತಿಂದು ಉಪವಾಸಕ್ಕೆ ಹೆಸರಾದವರು ಮಾತ್ರ ಒಬ್ಬರೇ, ಪುರಸಭೆಯ ಜನನ ಮರಣ ಗುಮಾಸ್ತರಾದ ಸೇತುಮಾಧವರಾಯರು.

ಆ ಹೆಸರನ್ನು ಅವರೇನೂ ಬೇಡಿ ತಂದುಕೊಂಡದ್ದಲ್ಲ. ಅವರ ಹೆಂಡತಿ ಸಕ್ಕೂಬಾಯಿ ಎಂಬತ್ತೊಂದನೇ ಇಸವಿಯ ಕಾರ್ತೀಕದಲ್ಲಿ, ಹತ್ತಿ ವರ್ತಕರು ಕಟ್ಟಿಸಿದ ಧರ್ಮಾಸ್ಪತ್ರೆಯಲ್ಲಿದ್ದಾಗ, ದ್ವಾದಶಿಯ ಬೆಳಗಿನ ಜಾವ ಬಚ್ಚಲಿಗೆ ಹೋಗಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಮೂರು ವಾರ ಮಲಗಿದ್ದು ತೀರಿಕೊಂಡರು. ಆಕೆಯ ಅಣ್ಣ ಗುರುರಾಜಾಚಾರ್ಯರು ಕೋಟೆ ಕಡೆಯ ಗುಡಿಯೊಂದರಲ್ಲಿ ಪುರಾಣ ಹೇಳುವವರು. ತಂಗಿ ಹೋದ ಮೇಲೆ ಅವರ ಪುರಾಣಕ್ಕೆ ಒಂದು ಹೊಸ ಅಧ್ಯಾಯ ಸೇರಿಕೊಂಡಿತು. ಏಕಾದಶಿಯ ಮಹಿಮೆ ಬಂದಾಗಲೆಲ್ಲ, ಆಸ್ಪತ್ರೆಯ ಮಂಚದ ಮೇಲೂ ತೊಟ್ಟು ನೀರು ಮುಟ್ಟದೆ ವ್ರತ ನಡೆಸಿದ ತಂಗಿಯ ಕಥೆ. ಅದರ ಬಾಲಕ್ಕೆ, ಹೆಂಡತಿ ಉಪವಾಸವಿದ್ದಾಳೆಂದು ತಾನೂ ಇಡೀ ದಿನ ಬಾಯಿಗೆ ಏನೂ ಹಾಕದೆ ಪಕ್ಕದಲ್ಲಿ ಕೂತ ಆಕೆಯ ಗಂಡನ ಕಥೆ. ಆಗ ಕೇಳುವವರೆಲ್ಲ ಕಂಬದ ಕಡೆ ತಿರುಗುತ್ತಿದ್ದರು. ಕಂಬಕ್ಕೆ ಒರಗಿ ಕೂತ ರಾಯರು ತಲೆ ತಗ್ಗಿಸುತ್ತಿದ್ದರು. ಎಂಥ ವಿನಯ ಎಂದು ಜನ ತಲೆದೂಗುತ್ತಿದ್ದರು.

ಅದು ವಿನಯವಲ್ಲ. ಆ ಏಕಾದಶಿಯ ಸಂಜೆ ರಾಯರು ನಾಲ್ಕು ಹೋಳು ಬ್ರೆಡ್ಡು ತಿಂದು ಒಂದು ಲೋಟ ಹಾಲು ಕುಡಿದಿದ್ದರು. ಅದೂ ತಮ್ಮ ಪಾಲಿನದಲ್ಲ, ಹೆಂಡತಿಯದು.

ಹಸಿವಿನ ವಿಷಯದಲ್ಲಿ ರಾಯರು ಬಹಳ ಮೆತ್ತಗಿನ ಮನುಷ್ಯ. ಏಕಾದಶಿ ನಮ್ಮಂಥವರಿಗೆಲ್ಲ ಹದಿನೈದು ದಿನಕ್ಕೊಮ್ಮೆ ಬಂದರೆ ಅವರಿಗೆ ವಾರಕ್ಕೆ ಎರಡು ಸಲ ಬಂದಂತೆ ಅನಿಸುತ್ತಿತ್ತು. ದಶಮಿಯ ದಿನವೇ ಮುಖ ಬಾಡುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ಏಕಾದಶಿಯ ಮಧ್ಯಾಹ್ನ ಕಚೇರಿಯ ಎದುರಿನ ಅಂಗಡಿಯಲ್ಲಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದು, ಸಂಜೆ ಉಪವಾಸದ ಮುಖ ಹಾಕಿಕೊಂಡು ಮನೆಗೆ ಬಂದರು. ಸಕ್ಕೂಬಾಯಿ ಅವರನ್ನು ಒಂದು ಗಳಿಗೆ ನೋಡಿದರು. ಮೀಸೆಯಲ್ಲಿ ಒಂದು ಸಾಸಿವೆ ಕೂತಿತ್ತು. ಬೈಯಲಿಲ್ಲ, ಅಳಲಿಲ್ಲ. "ಬಾಯಿ ಒರಿಸ್ಕೊಳ್ರಿ," ಎಂದಷ್ಟೇ ಹೇಳಿ ಒಳಗೆ ಹೋದರು. ಮುಂದಿನ ದಶಮಿಯ ದಿನ ಅವರೇ ಒಂದು ಒಪ್ಪಂದಕ್ಕೆ ಬಂದರು: "ನಿಮ್ಮದೂ ಸೇರಿಸಿ ನಾನೇ ಮಾಡ್ತೀನಿ ಬಿಡ್ರಿ. ನೀವು ಊರಿಗೆ ಕಾಣಹಂಗ ಮಾತ್ರ ತಿನಬ್ಯಾಡ್ರಿ." ಇಪ್ಪತ್ತೇಳು ವರ್ಷ ಆ ಮನೆಯಲ್ಲಿ ಎರಡು ಹೊಟ್ಟೆಯ ಏಕಾದಶಿಯನ್ನು ಒಂದೇ ಹೊಟ್ಟೆ ನಡೆಸಿತು. ಮಕ್ಕಳಾಗಲಿಲ್ಲ. ಆ ಕೊರಗನ್ನೂ ಸಕ್ಕೂಬಾಯಿ ಇಬ್ಬರದೂ ಸೇರಿಸಿ ಒಬ್ಬರೇ ಇಟ್ಟುಕೊಂಡಿದ್ದರೋ ಏನೋ, ರಾಯರ ತನಕ ಬರಲು ಬಿಡಲಿಲ್ಲ.

ರಾಯರಿಗೆ ಬೇರೊಂದು ವಿದ್ಯೆ ಇತ್ತು. ಜನನದ ದಾಖಲೆ ಬೇಕೆಂದು ಕಚೇರಿಗೆ ಬರುವವರಲ್ಲಿ ತಾರೀಖು ಹೇಳುವವರು ಕಡಿಮೆ. ಎಳ್ಳಮವಾಸ್ಯೆ ಆಗಿ ಮೂರನೇ ದಿನ ಎನ್ನುವವರು, ಕೆರೆ ಒಡೆದ ವರ್ಷದ ನಾಗರಪಂಚಮಿ ಎನ್ನುವವರೇ ಹೆಚ್ಚು. ರಾಯರ ಮೇಜಿನಲ್ಲಿ ಇಪ್ಪತ್ತು ವರ್ಷದ ಹಳೆಯ ಪಂಚಾಂಗಗಳಿದ್ದವು. ತಿಥಿ ಹೇಳಿದರೆ ಇಂಗ್ಲಿಷ್ ತಾರೀಖು ತೆಗೆದುಕೊಡುತ್ತಿದ್ದರು, ತಾರೀಖು ಹೇಳಿದರೆ ತಿಥಿ. ಮೇಲಧಿಕಾರಿಗಳಿಗೆ ಇದು ಕೆಲಸವೆಂದು ಅನಿಸಿರಲಿಲ್ಲ, ಅಭ್ಯಾಸ ಎಂದು ಬಿಟ್ಟಿದ್ದರು.

ಸಕ್ಕೂಬಾಯಿ ಆಸ್ಪತ್ರೆ ಸೇರಿದ್ದು ಕಾಲಿನ ಹುಣ್ಣಿಗೆ. ಸೇರಿದ ಮೇಲೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಹದಿನಾಲ್ಕನೇ ಮಂಚ ಕೊಟ್ಟರು, ಸಂಜೆ ಸಂಜೆ ಸೂಜಿ ಶುರುವಾಯಿತು. ಸೂಜಿಗೆ ಮುಂಚೆ ಹೊಟ್ಟೆಗೆ ಏನಾದರೂ ಬೀಳಬೇಕು ಎಂಬುದು ನಿಯಮ. ದಿನವೂ ಆಚಾರ್ಯರ ಹೆಂಡತಿ ಪ್ರೇಮಾಬಾಯಿ ಮಡಿಯಲ್ಲಿ ಅಡಿಗೆ ಮಾಡಿ ಕ್ಯಾರಿಯರ್ ಕಳಿಸುತ್ತಿದ್ದರು, ಸಿಸ್ಟರ್ ಎರ್ರಮ್ಮ ಅದನ್ನು ನೋಡಿ ಸುಮ್ಮನಾಗುತ್ತಿದ್ದರು. ಏಕಾದಶಿಯ ದಿನ ಆಚಾರ್ಯರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಕ್ಯಾರಿಯರ್ ಬರಲಿಲ್ಲ. ಕ್ಯಾರಿಯರ್ ಕಾಣದ ಎರ್ರಮ್ಮ ಆಸ್ಪತ್ರೆಯ ಬ್ರೆಡ್ಡು ಹಾಲು ತಂದಿಟ್ಟು, ಖಾಲಿ ಪ್ಲೇಟು ನೋಡಿದ ಮೇಲೇ ಸೂಜಿ ಎಂದು ಹೇಳಿ ಹೋದರು. ಕೊಟ್ಟ ಆಹಾರ ತಿನ್ನದ ರೋಗಿಗಳನ್ನು ಮನೆಗೆ ಕಳಿಸಲಾಗುವುದು ಎಂದು ಬಾಗಿಲ ಮೇಲೆ ತೆಲುಗಿನಲ್ಲಿ ಬೋರ್ಡೂ ಇತ್ತು.

ಸಕ್ಕೂಬಾಯಿ ಬ್ರೆಡ್ಡು ನೋಡಿದರು, ಗಂಡನನ್ನು ನೋಡಿದರು. ಬೆಳಗಿನಿಂದ ಕ್ಯಾರಿಯರ್ ಇಲ್ಲದೆ ಗಂಡನ ಮುಖವೂ ಬ್ರೆಡ್ಡಿನಂತೆಯೇ ಬಿಳುಪೇರಿತ್ತು.

"ತಿನ್ರಿ," ಎಂದರು.

ರಾಯರು ಬೆಚ್ಚಿದರು. ಏಕಾದಶಿ, ಅದರ ಮೇಲೆ ಬೇಕರಿಯ ಬ್ರೆಡ್ಡು, ಅದೂ ನಲವತ್ತು ಮಂಚದ ನಡುವೆ. ಊರಿಗೆ ಕಾಣದ ಹಾಗೆ ತಿನ್ನಬೇಕೆಂಬ ಹಳೆಯ ಒಪ್ಪಂದ ಏನಾಯಿತು? ಆಕೆ ಅಡ್ಡಕ್ಕೆ ಹಾಕಿದ ಹಸಿರು ಪರದೆಯನ್ನು ಎಳೆದು, ಈಗ ಕಾಣುವುದಿಲ್ಲ ಎಂದರು. ರಾಯರು ಗೋಡೆಯ ಕಡೆ ಮುಖ ಮಾಡಿ ಮೊದಲನೇ ಹೋಳನ್ನು ಹರಳೆಣ್ಣೆ ಕುಡಿಯುವವರಂತೆ ನುಂಗಿದರು. ಎರಡನೇದನ್ನು ಹೆಂಡತಿಗಾಗಿ ತಿಂದರು. ಮೂರನೇದಕ್ಕೆ ಯಾರ ಬಲವಂತವೂ ಬೇಕಾಗಲಿಲ್ಲ. ನಾಲ್ಕನೇದನ್ನು ಹಾಲಿಗೆ ಅದ್ದಿಕೊಂಡರು. ಅದ್ದುವುದನ್ನು ಕಂಡು ಸಕ್ಕೂಬಾಯಿಗೆ ನಗು ತಡೆಯಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು, ಕೈಬಳೆ ಸದ್ದಾಗದಂತೆ ಒಂದು ಕೈಯಲ್ಲಿ ಇನ್ನೊಂದನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಎರ್ರಮ್ಮ ಬಂದು, ಖಾಲಿ ಪ್ಲೇಟು ನೋಡಿ, ಮೆಚ್ಚಿ, ಸೂಜಿ ಹಾಕಿ ಹೋದರು.

ಮರುದಿನ ಸಾಧನ ದ್ವಾದಶಿ. ಹೊತ್ತು ಹುಟ್ಟಿ ಸ್ವಲ್ಪ ಹೊತ್ತಿಗೇ ತಿಥಿ ಮುಗಿಯುತ್ತಿತ್ತು, ಅಷ್ಟರೊಳಗೆ ಪಾರಣೆಯ ಊಟ ಆಗಬೇಕು. ಇನ್ನೂ ಬೆಳಕು ಹರಿಯುವ ಮುಂಚೆ ರಾಯರು ಪ್ರೇಮಾಬಾಯಿಯ ಕ್ಯಾರಿಯರ್ ತರಲು ಹೊರಟರು. "ಲಗೂನ ಬರ್ರಿ," ಎಂದರು ಸಕ್ಕೂಬಾಯಿ. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆಯ ತೊವ್ವೆ ಹಿಡಿದುಕೊಂಡು ರಾಯರು ಲಗೂನೇ ಬಂದರು. ಅಷ್ಟರಲ್ಲಿ ಆಕೆ, ಸ್ನಾನವಿಲ್ಲದೆ ಪಾರಣೆ ಹೇಗೆಂದು ಒಬ್ಬರೇ ಎದ್ದು ಬಚ್ಚಲಿಗೆ ಹೋಗಿದ್ದರು. ನಲ್ಲಿ ಇನ್ನೂ ತಿರುಗಿಸಿರಲಿಲ್ಲ. ನೆಲ ಒಣಗಿಯೇ ಇತ್ತು. ಅದನ್ನು ರಾಯರು ಕಣ್ಣಾರೆ ಕಂಡಿದ್ದರು, ಯಾಕೆಂದರೆ ಆಕೆಯನ್ನು ಎತ್ತುವಾಗ ಅವರ ಪಂಚೆ ಒದ್ದೆಯಾಗಲಿಲ್ಲ.

ಮೂರು ವಾರದ ಮೇಲೆ ತಮ್ಮದೇ ರಿಜಿಸ್ಟರಿನಲ್ಲಿ, ತಮ್ಮದೇ ದುಂಡು ಅಕ್ಷರದಲ್ಲಿ, ಕಾರಣದ ಕಾಲಮ್ಮಿನಲ್ಲಿ ರಾಯರು ತೆಲುಗಿನಲ್ಲಿ 'ಜಾರಿ ಪಡುಟ' ಎಂದು ಬರೆದರು. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಜಾರಿ ಬಿದ್ದದ್ದು ಎಂದೇ ಇತ್ತು. ಗುಮಾಸ್ತ ಚೀಟಿಯಲ್ಲಿದ್ದದ್ದನ್ನು ಬರೆಯುತ್ತಾನೆ.

ಆಮೇಲಿನ ಏಕಾದಶಿಗಳು ಬಹಳ ಕಷ್ಟದವು. ರಾಯರ ಪಾಲಿನ ಉಪವಾಸ ಮಾಡಲು ಈಗ ಯಾರೂ ಇರಲಿಲ್ಲ. ತಾವೇ ಮಾಡಲು ಹೋಗಿ ಮಧ್ಯಾಹ್ನ ಮೂರು ಗಂಟೆಗೆ ಸೋಲುತ್ತಿದ್ದರು. ಸೋತು ಅವಲಕ್ಕಿ ತಿಂದು, ಯಾರೂ ಹೇಳದಿದ್ದರೂ ಬಾಯಿ ಒರೆಸಿಕೊಳ್ಳುತ್ತಿದ್ದರು. ಹಸಿವಿಗಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಸಕ್ಕೂಬಾಯಿಯನ್ನು ನೆನೆದರೆ ಕಣ್ಣಿಗೆ ಮೊದಲು ಬರುತ್ತಿದ್ದುದು ಆ ನಗು, ಸೆರಗು ಕಚ್ಚಿಕೊಂಡ ಆ ಕೊನೆಯ ನಗು. ಅದನ್ನು ಯಾರಿಗಾದರೂ ಹೇಳಬೇಕೆಂದು ಎಷ್ಟೋ ಸಲ ಗಂಟಲ ತನಕ ಬರುತ್ತಿತ್ತು. ಹೇಳಬೇಕಾದರೆ ಬ್ರೆಡ್ಡನ್ನೂ ಹೇಳಬೇಕು. ಬ್ರೆಡ್ಡು ಹೇಳಿದರೆ ಆಚಾರ್ಯರ ಪುರಾಣ ಬೀಳುತ್ತದೆ, ಆಕೆ ಸಿಸ್ಟರಿಗೆ ಸುಳ್ಳು ಹೇಳಿದಳೆಂದಾಗುತ್ತದೆ, ಈಗ ತಮಗೆ ದಿನವೂ ಬರುತ್ತಿದ್ದ ಪ್ರೇಮಾಬಾಯಿಯ ಕ್ಯಾರಿಯರ್ ನಿಂತರೂ ನಿಲ್ಲಬಹುದು. ರಾಯರು ನಗುವನ್ನು ನುಂಗಿಕೊಂಡು ಕಂಬಕ್ಕೆ ಒರಗಿದರು.

ಹೀಗಿರುವಾಗ ಡಾಕ್ಟರ್ ಸುಂಕಮ್ಮ ಕಚೇರಿಗೆ ಬಂದಳು. ಪೆದ್ದಹರಿವಾಣದ ಕುರಿ ಸಾಕುವ ಮನೆಯ ಹುಡುಗಿ, ಕರ್ನೂಲಿನಲ್ಲಿ ಡಾಕ್ಟರಿಕೆ ಓದಿ ಧರ್ಮಾಸ್ಪತ್ರೆಗೆ ಸೇರಿದ್ದಳು. ಬಂದು ಆರು ತಿಂಗಳಾಗಿತ್ತು. ಒಂದು ವರ್ಷದಲ್ಲಿ ವಾರ್ಡಿನೊಳಗೆ ಒಂಬತ್ತು ಜನ ರೋಗಿಗಳು ಬಿದ್ದಿದ್ದಾರೆ, ಯಾಕೆ ಎಂದು ಹುಡುಕುವುದು ಆಕೆ ಹಿಡಿದ ಕೆಲಸ. ದೊಡ್ಡ ಡಾಕ್ಟರು ನೆಲ ನುಣುಪಾಗಿದೆ ಎಂದಿದ್ದರು, ನೆಲ ಹಾಕಿಸಿದವರು ರೋಗಿಗಳೇ ಸರಿಯಿಲ್ಲ ಎಂದಿದ್ದರು. ಆಕೆ ಬಚ್ಚಲಿಗೆ ನಾರಿನ ಚಾಪೆ ಹಾಕಿಸಿದಳು. ಚಾಪೆಗೆ ಎಡವಿದವರು ಬೇರೆ. ಈಗ ಬಿದ್ದು ತೀರಿಕೊಂಡವರ ಮನೆಯವರ ವಿಳಾಸ ಬೇಕಾಗಿತ್ತು. ಅವರನ್ನು ಕೂರಿಸಿಕೊಂಡು ಕೇಳುತ್ತಾಳಂತೆ. ಅವರಿಗೇನು ಗೊತ್ತಿರುತ್ತದೆ ಎಂದು ರಾಯರು ಕೇಳಿದರು.

"ವಾರ್ಡಿಗೆ ಸಿಸ್ಟರ್ ಒಬ್ಬಾಕಿ, ಮಂಚ ನಲವತ್ತು. ಆಕಿ ಕಣ್ಣು ಎರಡ," ಎಂದಳು ಸುಂಕಮ್ಮ. "ಮಂಚದ ಕೆಳಗ ಮಲಗಿದವ್ರ ಕಣ್ಣು ಎಂಬತ್ತು ಅದಾವು ರಾಯರ. ಅವನ್ನ ಯಾರೂ ಇನ್ನಾ ಕೇಳಿಲ್ಲ."

ರಿಜಿಸ್ಟರು ತಿರುವುತ್ತ ಹೋಗಿ ಸಕ್ಕೂಬಾಯಿಯ ಹೆಸರಿನ ಮೇಲೆ ಆಕೆಯ ಬೆರಳು ನಿಂತಿತು. ಗಂಡನ ಹೆಸರು ಓದಿ ತಲೆಯೆತ್ತಿದಳು. ಎಂಬತ್ತರಲ್ಲಿ ಎರಡು ಕಣ್ಣು ಎದುರಿಗೇ ಕೂತಿದ್ದವು. ಹಿಂದಿನ ಸಂಜೆ ರೋಗಿ ಊಟ ಮಾಡಿದ್ದರೇ ಎಂಬುದು ಆಕೆಯ ಹಾಳೆಯಲ್ಲಿದ್ದ ಐದನೇ ಪ್ರಶ್ನೆ. ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಪ್ಲೇಟು ಖಾಲಿ ಇತ್ತು," ಎಂದರು.

ಇದು ಗುಮಾಸ್ತರ ಸತ್ಯ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ರಾಯರ ಕೈಬರಹ ನೋಡಿ ಸುಂಕಮ್ಮ ಅವರನ್ನೇ ಬರೆದುಕೊಳ್ಳಲು ಕರೆದಳು. ಗುರುವಾರ ಗುರುವಾರ ಸಂಜೆ ಆಸ್ಪತ್ರೆಯ ಬೇವಿನ ಮರದ ಕೆಳಗೆ ಬಿದ್ದವರು, ಬಿದ್ದವರ ಮನೆಯವರು, ಬಿಡುವಿದ್ದರೆ ಸಿಸ್ಟರ್ ಎರ್ರಮ್ಮ ಸೇರುತ್ತಿದ್ದರು. ರಾಯರು ಬೇಡವೆನ್ನದೆ ಹೋದರು. ಬೇವಿನ ಮರದ ಕೆಳಗಿನಿಂದ ವಾರ್ಡಿನ ಕಿಟಕಿ ಕಾಣುತ್ತಿತ್ತು, ಕಿಟಕಿಯೊಳಗೆ ಹದಿನಾಲ್ಕನೇ ಮಂಚದ ತಲೆಯ ಕಡೆಯ ಕಬ್ಬಿಣ. ಅದಕ್ಕಾಗಿಯೇ ಹೋಗುತ್ತಿದ್ದರು ಎಂದರೂ ತಪ್ಪಿಲ್ಲ.

ಆ ಗುಂಪಿಗೆ ನಾಗಲದಿನ್ನೆಯಿಂದ ಎಮ್ಮಿಗನೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬರುವ ಉಚ್ಚಮ್ಮ ಎಂಬವಳು ಬಹಳ ಬೇಗ ಯಜಮಾನಿಯಾದಳು. ಆಕೆಯ ಗಂಡ ಮಾರಣ್ಣ ಹೋದ ವರ್ಷದ ಶ್ರಾವಣದಲ್ಲಿ ವಾರ್ಡಿನೊಳಗೇ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಈಗ ಗುಣವಾಗಿ ಹೊಲಕ್ಕೆ ಹೋಗುತ್ತಿದ್ದ. ಆಕೆ ಬರುವಾಗ ಸೆರಗಿನ ತುಂಬ ಹುರಿದ ಶೇಂಗಾ ತರುತ್ತಿದ್ದಳು, ಎಲ್ಲರಿಗೂ ಹಂಚಿ, ನೆಲ ಒಣಗಿತ್ತು ಎಂದು ಪ್ರತಿ ವಾರ ಹೇಳುತ್ತಿದ್ದಳು. ನುಣುಪು ನೆಲದ ಮಾತು ಅಲ್ಲಿಗೆ ಬಿದ್ದುಹೋಯಿತು. ಮೂರನೇ ಗುರುವಾರ ಸುಂಕಮ್ಮ ತನ್ನ ಪ್ರಶ್ನೆಗಳನ್ನೇ ಅವರ ಮುಂದೆ ಓದಿ, ಏನಾದರೂ ತಿದ್ದಬೇಕೇ ಎಂದು ಕೇಳಿದಳು. ಐದನೇದಕ್ಕೆ ಉಚ್ಚಮ್ಮ ಕೈ ಅಡ್ಡ ಹಿಡಿದಳು.

"ಉಂಡ್ರೇನು ಅಂತ ಕೇಳಿದ್ರ ಎಲ್ಲಾರೂ ಹೂಂ ಅಂತಾರ ಯವ್ವಾ. ರೋಗಿ ರೊಟ್ಟಿ ಯಾರು ತಿಂದ್ರು ಅಂತ ಕೇಳು."

ಮರದ ಕೆಳಗೆ ಶೇಂಗಾ ಸುಲಿಯುವ ಸದ್ದು ನಿಂತಿತು. ನಿನ್ನ ಗಂಡನ ರೊಟ್ಟಿ ಯಾರು ತಿಂದರು ಎಂದು ಸುಂಕಮ್ಮ ಆಕೆಯನ್ನೇ ಕೇಳಿದಳು.

"ನಾನ ತಿಂದೆ. ಅವಗ ಶ್ರಾವಣ ಶನಿವಾರ ಇತ್ತು. ತಿನ್ನಲಿಲ್ಲಂದ್ರ ಸಿಸ್ಟರಮ್ಮ ಬೈತಾಳಂತ ಹೇಳಿ ನಾನ ತಿಂದೆ. ಚಲೋ ಇತ್ತು, ಸಿಹಿ ಇತ್ತು."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ರಾಯರಿಗೆ ಅಸೂಯೆಯಾಯಿತು. ತಾವು ಒಂದು ವರ್ಷದಿಂದ ಹೊತ್ತುಕೊಂಡದ್ದನ್ನು ಈಕೆ ಶೇಂಗಾ ಸಿಪ್ಪೆಯಂತೆ ಊದಿಬಿಟ್ಟಳಲ್ಲ. ಸುಂಕಮ್ಮ ಉಳಿದವರ ಕಡೆ ನೋಡಿದಳು. ಅವರು ಮತ್ತೆ ಶೇಂಗಾ ಸುಲಿಯತೊಡಗಿದರು. ಕೊನೆಗೆ ರಾಯರನ್ನು, ನಿಮ್ಮ ಮನೆಯವರದು ಹೇಗೆ ಎಂದು ಮೆಲ್ಲಗೆ ಕೇಳಿದಳು. ಪ್ಲೇಟು ಖಾಲಿ ಇತ್ತು ಎಂದು ರಾಯರು ಕಾಗದಕ್ಕೆ ಹೇಳಿದರು. ಆಮೇಲೆ ಹೊಸ ಪ್ರಶ್ನೆಯನ್ನು ದುಂಡಗೆ ಬರೆದರು: ರೋಗಿಗೆ ಕೊಟ್ಟ ಆಹಾರವನ್ನು ತಿಂದವರು ಯಾರು?

ಮರುದಿನ ಕಚೇರಿಯಲ್ಲಿ ಒಂಬತ್ತು ಜನರ ಪಟ್ಟಿಯನ್ನು ಶುದ್ಧಪ್ರತಿ ಮಾಡುತ್ತ ಕೂತಿದ್ದಾಗ ಕೈ ತಾನಾಗಿಯೇ ಹಳೆಯ ಪಂಚಾಂಗದ ಕಡೆ ಹೋಯಿತು. ಅಭ್ಯಾಸ. ಒಂದೊಂದು ತಾರೀಖಿನ ಪಕ್ಕ ಪೆನ್ಸಿಲಿನಲ್ಲಿ ತಿಥಿ ಬರೆದರು. ನಾಲ್ಕು ಜನ ದ್ವಾದಶಿಯ ಬೆಳಿಗ್ಗೆ ಬಿದ್ದಿದ್ದರು. ಮಾರಣ್ಣನೂ ಇನ್ನೊಬ್ಬರೂ ಶ್ರಾವಣ ಶನಿವಾರದ ಮರುದಿನ. ಒಬ್ಬ ಸಾಬರು ರಂಜಾನಿನಲ್ಲಿ, ರೋಜಾ ಬಿಡುವ ಹೊತ್ತಿಗೆ ಸ್ವಲ್ಪ ಮುಂಚೆ. ಉಳಿದಿಬ್ಬರು ಗಂಜಿ ಚೆಲ್ಲಿದ ಕಡೆ ನಿಜವಾಗಿಯೇ ಜಾರಿದವರು. ರಾಯರು ಪೆನ್ಸಿಲ್ ಕೆಳಗಿಟ್ಟರು. ಎದುರಿಗೆ ಒಬ್ಬ ರೈತ ಮಗನ ಹುಟ್ಟಿದ ದಿನ ಹುಡುಕಿಸಲು ನಿಂತಿದ್ದ. ಅವನನ್ನು ನಾಳೆ ಬಾ ಎಂದರು. ಆ ಕುರ್ಚಿಯಲ್ಲಿ ಅವರು ಆ ಮಾತು ಹೇಳಿದ್ದು ಅದೇ ಮೊದಲು.

ಕಾಗದವನ್ನು ಸುಂಕಮ್ಮನಿಗೆ ಕೊಟ್ಟರೆ ಆಗುತ್ತಿತ್ತು. ಆದರೆ ದ್ವಾದಶಿಯ ನಾಲ್ಕು ಮನೆಗಳೂ ತಮ್ಮ ಬೀದಿಯವೇ, ತಮ್ಮ ಗುಡಿಯಲ್ಲಿ ಪುರಾಣ ಕೇಳುವವರೇ. ಉಳಿದ ಮೂರು ಮನೆಯವರು ಬಾಯಿ ಬಿಡುವುದಿಲ್ಲ. ಬಿಟ್ಟರೆ ತಾವೇ ಬಿಡಬೇಕು. ಕಾಗದ ಮಡಿಚಿ ಪಂಚಾಂಗದೊಳಗೆ ಇಟ್ಟರು. ಎರಡು ಗುರುವಾರ ಕಳೆದವು. ಪ್ರತಿ ಗುರುವಾರವೂ ಹೇಳಬೇಕೆಂದೇ ಹೋಗಿ ಶೇಂಗಾ ತಿಂದು ಬಂದರು.

ಭಾ‍ದ್ರಪದದಲ್ಲಿ ಗುರುರಾಜಾಚಾರ್ಯರೇ ಆಸ್ಪತ್ರೆ ಸೇರಿದರು. ಅವರಿಗೂ ಸಕ್ಕರೆ, ಅವರಿಗೂ ಸಂಜೆಯ ಸೂಜಿ. ಒಂಬತ್ತನೇ ಮಂಚ. ಸೇರಿದ ದಿನವೇ ಅಕ್ಕಪಕ್ಕದ ಮಂಚದವರಿಗೆ ತಂಗಿಯ ಕಥೆ ಹೇಳಿ ಮುಗಿಸಿದರು. ದಶಮಿಯ ಸಂಜೆ ನೆಂಟಸ್ತನದ ಸಲಿಗೆಯಿಂದ ರಾಯರನ್ನು ಹತ್ತಿರ ಕರೆದು ಪಿಸುಗುಟ್ಟಿದರು.

"ನಾಳೆ ಆ ಸಿಸ್ಟರು ಬ್ರೆಡ್ಡು ತಂದಿಡ್ತಾಳ. ನೀವು ಐದಕ್ಕ ಬಂದು ಚೀಲದಾಗ ಹಾಕ್ಕೊಂಡು ಹೋಗಿಬಿಡ್ರಿ. ಸಕ್ಕೂಗ ಹೆಂಗ ಮಾಡಿದ್ರಿ, ಹಂಗ."

ತಂಗಿಯ ಬ್ರೆಡ್ಡೂ ಹಾಗೆ ಚೀಲದಲ್ಲೇ ಹೋಯಿತೆಂದು ಅವರು ಅಂದುಕೊಂಡಿದ್ದರು. ರಾಯರು ಹೂಂ ಎಂದು ಮನೆಗೆ ಬಂದರು. ಗೂಟದಲ್ಲಿ ಸಕ್ಕೂಬಾಯಿ ಬಜಾರಿಗೆ ಒಯ್ಯುತ್ತಿದ್ದ ಖಾದಿ ಚೀಲ ನೇತಾಡುತ್ತಿತ್ತು. ಅದನ್ನು ತೆಗೆದು ಮಡಿಚಿ ಇಟ್ಟುಕೊಂಡರು. ಪ್ರೇಮಾಬಾಯಿ ನಾಳಿದ್ದು ಬೆಳಿಗ್ಗೆ ಪಾರಣೆಯ ಅಡಿಗೆ ಮಾಡುತ್ತಾರೆ, ಅದನ್ನು ತರಲು ತಾವು ಹೋಗುತ್ತಾರೆ, ಅಷ್ಟರಲ್ಲಿ ಆಚಾರ್ಯರು ಸ್ನಾನಕ್ಕೆಂದು ಏಳುತ್ತಾರೆ. ಮುಂದಿನದನ್ನು ಯೋಚಿಸಲು ಅವರಿಗೆ ಪಂಚಾಂಗ ಬೇಕಿರಲಿಲ್ಲ.

ಏಕಾದಶಿ ಗುರುವಾರ ಬಿದ್ದಿತ್ತು. ಮಳೆ ಬಂದದ್ದರಿಂದ ಬೇವಿನ ಮರದ ಸಭೆ ವಾರ್ಡಿನ ಬಾಗಿಲೊಳಗೇ, ಒಂಬತ್ತನೇ ಮಂಚದ ಹತ್ತಿರ ಸೇರಿತ್ತು. ಉಚ್ಚಮ್ಮ ನೆನೆದ ಸೆರಗು ಹಿಂಡಿಕೊಂಡು ಕೂತಿದ್ದಳು. ಐದಕ್ಕೆ ಎರ್ರಮ್ಮ ಬ್ರೆಡ್ಡು ಹಾಲು ಇಟ್ಟು, ಟ್ರೇಯಲ್ಲಿ ಸೂಜಿ ತೆಗೆದಿಟ್ಟುಕೊಂಡರು. ಆಚಾರ್ಯರು ರಾಯರ ಕೈಯ ಚೀಲದ ಕಡೆ ಕಣ್ಣು ಮಾಡಿದರು. ರಾಯರು ಎದ್ದು ನಿಂತರು.

"ಡಾಕ್ಟ್ರಮ್ಮ, ಆ ಸೂಜಿ ಹಾಕಿಸಬ್ಯಾಡ್ರಿ. ಇವರಿಗೆ ಇವತ್ತು ಏಕಾದಶಿ. ಈ ಬ್ರೆಡ್ಡು ಇವರ ಹೊಟ್ಟಿಗೆ ಹೋಗೂದಿಲ್ಲ, ನನ್ನ ಚೀಲಕ್ಕ ಹೋಗ್ತದ."

ಆಚಾರ್ಯರು ಕಣ್ಣು ಮುಚ್ಚಿದರು. ರಾಯರ ಮಾತು ನಿಲ್ಲಲಿಲ್ಲ.

"ಹೋದ ವರ್ಷ ಚೀಲಕ್ಕೂ ಹೋಗಲಿಲ್ಲ. ಹದಿನಾಲ್ಕನೇ ಮಂಚದ ಬ್ರೆಡ್ಡು ನಾನು ತಿಂದೆ. ನಾಲ್ಕೂ ತಿಂದೆ, ಹಾಲೂ ಕುಡಿದೆ. ಎರಡು ಆಕಿ ಸಲುವಾಗಿ ತಿಂದೆ, ಮೂರನೇದು ಹಸಿವಿಗೇ ತಿಂದೆ. ಅದನ್ನೂ ಬರಕೊಳ್ರಿ. ನಾನು ತಿನ್ನೂದು ನೋಡಿ ಆಕಿ ನಕ್ಕಳು. ಆಮ್ಯಾಲೆ ಸೂಜಿ ಹಾಕಿದ್ರು."

ಪಂಚಾಂಗದೊಳಗಿನ ಕಾಗದವನ್ನು ತೆಗೆದು ಸುಂಕಮ್ಮನ ಕೈಗೆ ಕೊಟ್ಟರು. ಆಕೆ ಪೆನ್ಸಿಲಿನ ತಿಥಿಗಳನ್ನು ಮೇಲಿನಿಂದ ಕೆಳಗೆ ಓದಿ, ಮತ್ತೆ ಮೇಲಿನಿಂದ ಓದಿದಳು. ಉಪವಾಸದ ಏಳೂ ಜನ ಸಂಜೆಯ ಸೂಜಿಯವರು, ಖಾಲಿ ಹೊಟ್ಟೆಗೆ ಸೂಜಿ ಬಿದ್ದು ಮೈಯ ಸಕ್ಕರೆ ತೀರ ಇಳಿದು ತಲೆ ಸುತ್ತಿ ಬಿದ್ದವರು. ಎರ್ರಮ್ಮ ಟ್ರೇ ಕೆಳಗಿಟ್ಟರು. ತಾನು ಪ್ಲೇಟು ನೋಡಿದೆ, ಮನುಷ್ಯರನ್ನು ನೋಡಲಿಲ್ಲ ಎಂದು ತೆಲುಗಿನಲ್ಲಿ ತಮಗೆ ತಾವೇ ಎಂಬಂತೆ ಎರಡು ಸಲ ಹೇಳಿಕೊಂಡರು. ಉಚ್ಚಮ್ಮ ಮಾತ್ರ ರಾಯರ ಕಡೆ, ಕಡೆಗೂ ಬಾಯಿ ಬಿಟ್ಟೆಯಾ ಎಂಬಂತೆ ತಲೆ ಆಡಿಸಿದಳು.

ಸುಂಕಮ್ಮ ಬೈಯುತ್ತಾಳೆಂದು ರಾಯರು ಕಾದಿದ್ದರು. ಬೈದಿದ್ದರೆ ಚೆನ್ನಾಗಿತ್ತು.

"ಉಪವಾಸ ಬಿಡ್ರಿ ಅಂತ ನಾ ಹೇಳ್ತಿದ್ದಿಲ್ಲ ರಾಯರ," ಎಂದಳು. "ನಮ್ಮವ್ವನೂ ಶನಿವಾರ ಮಾಡ್ತಾಳ. ಆವತ್ತಿಂದು ಸೂಜಿ ಕಮ್ಮಿ ಮಾಡಬೋದು. ಹೇಳಿದ್ರ ಸಾಕಿತ್ತು."

ಹೇಳಿದ್ದರೆ ಸಾಕಿತ್ತು. ಆ ಎರಡು ಮಾತು ಹೊತ್ತುಕೊಂಡು ರಾಯರು ಮಳೆಯಲ್ಲಿ ಮನೆಗೆ ನಡೆದರು. ಖಾಲಿ ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡಿದ್ದರು.

ಮುಂದೆ ಸುಂಕಮ್ಮನ ಬರಹ ಕರ್ನೂಲಿಗೂ ಅಲ್ಲಿಂದ ಮುಂದಕ್ಕೂ ಹೋಯಿತು. ಉಚ್ಚಮ್ಮನ ಪ್ರಶ್ನೆ ಇಂಗ್ಲಿಷಿನಲ್ಲಿ ಅಚ್ಚಾಯಿತು. ಬಾಗಿಲ ಮೇಲಿನ ಬೋರ್ಡು ಇಳಿಯಿತು, ಪ್ರತಿ ಮಂಚಕ್ಕೂ ಒಂದು ಸ್ಲೇಟು ಬಂತು, ಇವತ್ತು ಯಾರದು ಯಾವ ಉಪವಾಸ ಎಂದು ಮನೆಯವರೇ ಅದರ ಮೇಲೆ ಬರೆಯುವುದು ರೂಢಿಯಾಯಿತು. ಬರೆಯಲು ಬಾರದವರಿಗೆ ರಾಯರು ಬರೆದುಕೊಡುತ್ತಿದ್ದರು. ಅದೆಲ್ಲ ಆಮೇಲಿನ ಮಾತು.

ಆ ಏಕಾದಶಿ ಕಳೆದು ಎರಡು ದಿನ ರಾಯರಿಗೆ ಕ್ಯಾರಿಯರ್ ಬರಲಿಲ್ಲ. ಬೀದಿಯಲ್ಲಿ ಜನ ನೋಡಿಯೂ ನೋಡದಂತೆ ಹೋದರು. ರಾಯರು ಬೇಕರಿಯಲ್ಲಿ ಒಂದು ಬ್ರೆಡ್ಡು ತಂದು, ಅಡಿಗೆಮನೆಯ ಬಾಗಿಲಲ್ಲಿ ಕೂತು, ಹಾಲಿಗೆ ಅದ್ದಿಕೊಂಡು ತಿಂದರು. ಕೆಟ್ಟದ್ದು ಕೆಟ್ಟಾಯಿತು, ಇನ್ನು ಗೋಡೆಯ ಕಡೆ ಮುಖ ಮಾಡುವ ಅಗತ್ಯವಿರಲಿಲ್ಲ. ಆದರೆ ನಗುವವರಿಲ್ಲದೆ ಬ್ರೆಡ್ಡು ಬರೀ ಬ್ರೆಡ್ಡಾಗಿತ್ತು. ಎರಡು ಹೋಳು ತಿನ್ನುವಷ್ಟರಲ್ಲಿ ಸಾಕಾಯಿತು.

ಮೂರನೇ ದಿನ ಕ್ಯಾರಿಯರ್ ಬಂತು, ಜೊತೆಗೆ ಆಸ್ಪತ್ರೆಗೆ ಬರಬೇಕೆಂಬ ಕರೆಯೂ ಬಂತು. ಆಚಾರ್ಯರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ದ್ವಾದಶಿಯ ಬೆಳಿಗ್ಗೆ ಅವರು ಎರ್ರಮ್ಮನ ಕೈ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ಬೀಳದೆ ಬಂದಿದ್ದರು. ರಾಯರು ಮಂಚದ ಬುಡದಲ್ಲಿ ನಿಂತರು. ಎದುರು ಸಾಲಿನಲ್ಲಿ ಹದಿನಾಲ್ಕನೇ ಮಂಚದ ಮೇಲೆ ಯಾರೋ ಅಜ್ಜಿ ನಿದ್ದೆ ಮಾಡುತ್ತಿದ್ದಳು.

"ರೋಗಿ ಹಾಲು ಕುಡಿದ್ರ, ಹಣ್ಣು ತಿಂದ್ರ, ಔಷಧ ತೊಗೊಂಡ್ರ ವ್ರತ ಕೆಡೂದಿಲ್ಲಂತ ಶಾಸ್ತ್ರದಾಗೇ ಅದ," ಎಂದರು ಆಚಾರ್ಯರು. "ಮೂವತ್ತು ವರ್ಷದಿಂದ ಗೊತ್ತು ನನಗ. ಆಕಿ ಕೇಳಲಿಲ್ಲ, ನಾನು ಹೇಳಲಿಲ್ಲ. ಗಟ್ಟಿಗಿತ್ತಿ ನನ್ನ ತಂಗಿ ಅಂತ ಹೆಮ್ಮಿ ಪಟ್ಟೆ."

ಹೇಳಿದ್ದರೆ ಸಾಕಿತ್ತು ಎಂಬ ಮಾತು ಇಬ್ಬರ ನಡುವೆ ಕೂತಿತ್ತು, ಅದನ್ನು ಮತ್ತೆ ಹೇಳುವ ಅಗತ್ಯವಿರಲಿಲ್ಲ. ಆಚಾರ್ಯರು ಸರಿದು ಮಂಚದ ಮೇಲೆ ಜಾಗ ಮಾಡಿಕೊಟ್ಟರು. ಇಪ್ಪತ್ತೆಂಟು ವರ್ಷದಲ್ಲಿ ಎಂದೂ ರಾಯರನ್ನು ಏಕವಚನದಲ್ಲಿ ಕರೆಯದ ಮನುಷ್ಯ ಕೇಳಿದರು:

"ಖರೇನ ನಕ್ಕಳೇನೋ, ಸೇತು?"

ರಾಯರು ಕೂತರು. ಹೇಳಿದರು. ಹಸಿರು ಪರದೆಯಿಂದ ಶುರುಮಾಡಿ, ಹರಳೆಣ್ಣೆಯಂಥ ಮೊದಲ ಹೋಳು, ಹಾಲಿಗೆ ಅದ್ದಿದ ಕೊನೆಯ ಹೋಳು, ಕಚ್ಚಿಕೊಂಡ ಸೆರಗು, ಹಿಡಿದುಕೊಂಡ ಬಳೆ. ಮಾತು ಬಳೆಯ ಹತ್ತಿರ ಬಂದಾಗ ಆಚಾರ್ಯರು, ಚಿಕ್ಕವಳಿದ್ದಾಗಲೂ ಆಕೆ ಹಾಗೆಯೇ ಬಳೆ ಹಿಡಿದುಕೊಂಡು ನಗುತ್ತಿದ್ದಳು ಎಂದರು, ಆಮೇಲೆ ಶಲ್ಯದಿಂದ ಮುಖ ಒರೆಸಿಕೊಂಡರು. ಇನ್ನೊಮ್ಮೆ ಹೇಳು ಎಂದರು. ರಾಯರು ಇನ್ನೊಮ್ಮೆ ಹೇಳಿದರು. ಒಂದು ವರ್ಷ ಗಂಟಲಲ್ಲಿ ಕೂತದ್ದಕ್ಕೆ ಎರಡು ಸಲ ಹೇಳಿದರೂ ಸಾಲದು.

ಒಂದನ್ನು ಮಾತ್ರ ಎರಡು ಸಲವೂ ಬಿಟ್ಟರು. ಸುಂಕಮ್ಮನ ಹಾಳೆಗೂ ಅದನ್ನು ಕೊಟ್ಟಿರಲಿಲ್ಲ. ಎರ್ರಮ್ಮನ ಹೆಜ್ಜೆಯ ಸಪ್ಪಳ ಕೇಳಿದಾಗ ರಾಯರ ಮೀಸೆಯ ಮೇಲೆ ಹಾಲು ಹಾಗೆಯೇ ಇತ್ತು. ಬಾಯಿ ಒರೆಸಿಕೊಳ್ಳಿ ಎಂದು ಆಕೆ ಹೇಳುತ್ತಾಳೆಂದು ಅವರು ಕಾದರು. ಆ ಸಲ ಸಕ್ಕೂಬಾಯಿ ಹೇಳಲಿಲ್ಲ. ಮಂಚದಿಂದ ಬಗ್ಗಿ, ತನ್ನ ಸೆರಗಿನಿಂದ ತಾನೇ ಒರೆಸಿದಳು.